ನಾಲ್ಕನೆಯ ಪೆಟ್ಟಿಗೆಯ ಮೌನ

ಮಧ್ಯಾಹ್ನ ಒಂದೂವರೆಗೆ ನಾಲ್ಕನೆಯ ಪೆಟ್ಟಿಗೆ ಮಾತು ನಿಲ್ಲಿಸಿತು.

ಗುಡ್ಡದ ಚಹಾ ತೋಟಗಳಲ್ಲಿ ಅಂಥ ಎಂಟು ಸೆನ್ಸರ್ ಪೆಟ್ಟಿಗೆಗಳಿದ್ದವು. ತುದಿಯದು ಚಳಿ ಅಳೆದು ಪಕ್ಕದ್ದಕ್ಕೆ ಹೇಳಬೇಕು, ಅದು ಮುಂದಿನದಕ್ಕೆ. ‘ಮುಟ್ಟಿತು’ ಎಂಬ ಉತ್ತರ ಬರುವವರೆಗೂ ಹೇಳಿದ್ದನ್ನೇ ಹೇಳುತ್ತಿರಬೇಕು, ಗಂಡು ಹುಡುಕಿಕೊಂಡು ಬಂದ ಸೋದರತ್ತೆಯ ಹಾಗೆ. ಸುದ್ದಿ ಬೆಳೆಗಾರರ ಸಂಘದ ಕಚೇರಿಗೆ ಇಳಿದೊಡನೆ ಎಂಟೂ ಮನೆಗಳಲ್ಲಿ ಗಂಟೆ ಬಾರಿಸುತ್ತದೆ: ಹಿಮ ಬೀಳುತ್ತಿದೆ, ಚಿಗುರಿಗೆ ಹೊದಿಸಿ.

ಇದನ್ನು ಹೂಡಿದವಳು ಸಂಘದ ಗುಮಾಸ್ತೆ ಕಿಸಾಕೊ. ಹನ್ನೊಂದು ವಸಂತಗಳಿಂದ ನಸುಕಿನ ಮೂರಕ್ಕೆ ಎದ್ದು, ಮನೆಮನೆಗೆ ಫೋನು ಮಾಡಿ ಎಬ್ಬಿಸುತ್ತಿದ್ದವಳೂ ಅವಳೇ. ಬೆಳಗಾಗುವವರೆಗೆ ಮಲಗುವ ಸುಖ ಹೇಗಿರುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು. ಇಂದು ಸಂಜೆ ಐದಕ್ಕೆ ಅಧ್ಯಕ್ಷ ಉನ್ನೊ ಅವರ ಮುಂದೆ ಪರೀಕ್ಷೆ. ಗಂಟೆ ಬಾರಿಸಿದರೆ ನಿದ್ದೆ ಅವಳದು. ಬಾರಿಸಲೇಬೇಕೆಂದು, ಮೂಕಾದ ಪೆಟ್ಟಿಗೆಯನ್ನು ನೋಡಲು ಅವಳು ಗುಡ್ಡ ಹತ್ತಿದಳು.

ಸುಗಿಯಾಮಾ ಅಜ್ಜಿಯ ತೋಟದಲ್ಲಿ ನಾಲ್ಕನೆಯ ಪೆಟ್ಟಿಗೆಯ ಮೇಲೆ ತಗಡು ಹೊಡೆದ ಹಳೆಯ ಚಹಾ ಪೆಟ್ಟಿಗೆ ಕವುಚಿ ಹಾಕಿತ್ತು.

“ಅಜ್ಜೀ, ಹೀಗೆ ಮುಚ್ಚಿದ್ರೆ ಇದರ ಮಾತು ಹೊರಗೆ ಬರಲ್ಲ!”

“ಬರಬಾರದು ಅಂತಾನೇ ಮುಚ್ಚಿದ್ದು. ಮುಂದಿನ ಪೆಟ್ಟಿಗೆ ಯಾರದು?”

“ಮೊಚಿಜುಕಿ ಅವರದು.”

“ಮೂರು ವರ್ಷದಿಂದ, ಮನೆಯಿಂದ ಮನೆಗೆ ದಾಟೋ ಕೇರಿಯ ಸುತ್ತೋಲೆ ಹಲಗೇನೂ ಅವನ ಕೈಗೆ ಕೊಟ್ಟಿಲ್ಲ ನಾನು. ಅವನ್ನ ದಾಟಿಸಿ ಆಚೆಮನೆಗೆ ಕೊಡ್ತೀನಿ. ನನ್ನ ಪೆಟ್ಟಿಗೆ ಹೋಗಿ ಅವನ ಪೆಟ್ಟಿಗೆ ಹತ್ರ ಹರಟೆ ಹೊಡೆಯೋದಾ?”

ಕಿಸಾಕೊ ಮೊಚಿಜುಕಿಯ ತೋಟಕ್ಕೆ ಓಡಿದಳು. ಅವನು ಕೇಳಿ ಕೆಂಪಾದ. “ಆ ಮುದುಕಿಯ ಪೆಟ್ಟಿಗೆ ಕೂಗಿದಾಗೆಲ್ಲ ನನ್ನದು ‘ಮುಟ್ಟಿತು ತಾಯಿ, ಮುಟ್ಟಿತು’ ಅನ್ನಬೇಕಾ?” ಎಂದವನೇ ತನ್ನ ಪೆಟ್ಟಿಗೆಯ ಬ್ಯಾಟರಿ ಕಿತ್ತು ಜೇಬಿಗಿಳಿಸಿದ.

ಈಗ ಮೂಗರು ಇಬ್ಬರಾದರು. ಇಳಿಯುವಾಗ ಕಿಸಾಕೊ ಜಾರಿ ಚಹಾ ಪೊದೆಯೊಳಗೆ ಕೂತಳು. ಕೂತಲ್ಲೇ ಹೊಳೆಯಿತು: ಮೊಚಿಜುಕಿಯ ಐದನೆಯದನ್ನು ದಾಟಿಸಿದರಾಯಿತು! ಬಿದಿರು ಗಳ ತಂದು ನಾಲ್ಕನೆಯದರ ಆಂಟೆನಾವನ್ನು ಎತ್ತರಕ್ಕೆ ಕಟ್ಟಿ, ಅದು ನೇರವಾಗಿ ಆರನೆಯದರೊಡನೆ ಮಾತಾಡುವಂತೆ ಮಾಡಿದಳು. ಅಜ್ಜಿ ಸಂತೋಷದಿಂದ ತಾನೇ ತಗಡಿನ ಪೆಟ್ಟಿಗೆ ಎತ್ತಿದಳು.

ಐದಕ್ಕೆ ತುದಿಯ ಪೆಟ್ಟಿಗೆಗೆ ಮಂಜುಗಡ್ಡೆ ಇಟ್ಟರು. ಎಂಟು ಮನೆಗಳಲ್ಲೂ ಗಂಟೆ ಬಾರಿಸಿತು. ಕಚೇರಿಯಲ್ಲಿ ಸೇರಿದವರೆಲ್ಲ ಚಪ್ಪಾಳೆ ತಟ್ಟಿದರು. “ಇನ್ನು ಫೋನು ಬೇಡ,” ಎಂದರು ಉನ್ನೊ. ಕಿಸಾಕೊಗೆ ನಿಂತಲ್ಲೇ ಆಕಳಿಕೆ ಬಂತು.

“ಗಂಟೆ ಬಾರಿಸಿತು, ಸರಿ,” ಎಂದಳು ಅಜ್ಜಿ. “ಈ ಮೊಚಿಜುಕಿ ಎದ್ದ ಅಂತ ಯಾರಿಗೆ ಗೊತ್ತು? ಮಲಗಿಬಿಟ್ಟು ಆಮೇಲೆ ನನ್ನ ಪೆಟ್ಟಿಗೆ ಮೇಲೆ ತಪ್ಪು ಹೊರಿಸ್ತಾನೆ.”

“ನಾನೂ ಅದನ್ನೇ ಹೇಳೋಣ ಅಂತಿದ್ದೆ,” ಎಂದ ಮೊಚಿಜುಕಿ. “ಪೆಟ್ಟಿಗೆಗಳೇ ‘ಮುಟ್ಟಿತು’ ಅಂತ ಉತ್ತರ ಕೊಡ್ತವೆ. ಮನುಷ್ಯರು ಕೊಡೋದು ಬೇಡವಾ?”

ಮೂರು ವರ್ಷಗಳಲ್ಲಿ ಮೊದಲ ಸಲ ಇಬ್ಬರದೂ ಒಂದೇ ಮಾತು! ಉನ್ನೊ ಅವರ ಕಣ್ಣು ತುಂಬಿತು. ಅಲ್ಲೇ ನಿಯಮವಾಯಿತು: ಗಂಟೆ ಬಾರಿಸಿದೊಡನೆ ಪ್ರತಿ ಮನೆಯವರೂ ಹಾಳೆಯ ಮೇಲೆ, ಸಹಿಯ ಬದಲು, ತಮ್ಮ ಹೆಸರಿನ ಮುದ್ರೆ ಒತ್ತಬೇಕು.

“ಹಾಳೆ ಹಿಡಿದು ಮನೆಮನೆಗೆ ಹೋಗೋರು ಯಾರು?” ಎಂದು ಯಾರೋ ಕೇಳಿದರು.

“ನಸುಕಿನ ಮೂರಕ್ಕೆ ಎದ್ದು ಅಭ್ಯಾಸ ಇರೋದು ಕಿಸಾಕೊ ಅವರೊಬ್ಬರಿಗೇ,” ಎಂದರು ಉನ್ನೊ.

“ಫೋನಲ್ಲೇ ಕೇಳಿದ್ರೆ ಆಗಲ್ವಾ?” ಎಂದಳು ಕಿಸಾಕೊ, ಕ್ಷೀಣವಾಗಿ.

ಅಜ್ಜಿ ಮರುಕದಿಂದ ಅವಳ ಕೈ ಹಿಡಿದಳು. “ಫೋನಲ್ಲಿ ಮುದ್ರೆ ಒತ್ತೋಕಾಗುತ್ತೇನಮ್ಮಾ?”