ಡಾಕ್ಟ್ರವ್ವನ ಡಬ್ಬಿ

ಪರ ಊರಿನಲ್ಲಿ ಒಳ್ಳೆಯ ಸಾರಿನ ವಾಸನೆ ಹಿಡಿದು ಅಲೆಯುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ವಿಜಯಪುರದವಳು, ದನದ ಡಾಕ್ಟರು. ಚಾಮರಾಜನಗರದ ಹತ್ತಿರ ಉಡಿಗಾಲಕ್ಕೆ ವರ್ಗವಾಗಿ ಬಂದು, ಒಬ್ಬ ಅಜ್ಜಿಯ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಸಂಜೆಯಾದರೆ ಊರಿಗೆ ಊರೇ ಹುರುಳಿ ಬೇಯುವ ವಾಸನೆಯಲ್ಲಿ ತೇಲುತ್ತದೆ. ಅದರೊಳಗೆ ನನಗೂ ಒಂದು ಜಾಗ ಬೇಕು ಅನ್ನಿಸುತ್ತಿತ್ತು. ಆದರೆ ಯಾರ ಮನೆಗೆ ಹೋದರೂ ನೆಂಟರಿಗೆ ಹಾಕುವ ಹಾಗೆ ಕುರ್ಚಿ ಹಾಕುತ್ತಿದ್ದರು.

ಮೆಲುಕು

ಬಂದ ವಾರವೇ ಅಜ್ಜಿ ಊಟಕ್ಕೆ ಕರೆದರು. ಎಲ್ಲರೂ ನೆಲದ ಮೇಲೆ, ನಾನೊಬ್ಬಳು ಕುರ್ಚಿಯ ಮೇಲೆ. ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು. ನನ್ನದು ಜೋಳದ ರೊಟ್ಟಿ ತಿಂದು ಬೆಳೆದ ಬಾಯಿ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದೆ. ಸಾರಿನ ರುಚಿಗೆ ಎಲ್ಲೋ ತೇಲಿಹೋಗಿದ್ದೆ. ಕಣ್ಣು ಬಿಟ್ಟರೆ ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿದೆ.

"ಯಾಕ್ರೀ?" ಅಂದೆ.

ಅಜ್ಜಿ ಮೆಲ್ಲಗೆ ಹೇಳಿದರು: "ಮುದ್ದೆ ನುಂಗ್ಬೇಕು ಡಾಕ್ಟ್ರವ್ವ. ಮೆಲುಕಾಕಕ್ಕೆ ನಿಮ್ಮ ಪೇಷಂಟ್‌ಗೊಳು ಕೊಟ್ಟಿಗೇಲವೆ."

ಸೂರ್ಯಕಾಂತಿ

ಒಮ್ಮೆ ಗುಂಡ್ಲುಪೇಟೆ ಕಡೆಯ ಡಾಕ್ಟರು ರಜೆಯಲ್ಲಿದ್ದರೆಂದು ಅಲ್ಲಿನ ಒಂದು ಹೊಲಕ್ಕೆ ಹಸು ನೋಡಲು ಹೋಗಿದ್ದೆ. ಎತ್ತ ನೋಡಿದರೂ ಸೂರ್ಯಕಾಂತಿ, ದೂರದ ಬೆಟ್ಟದ ಮೇಲೆ ಮಂಜು. ಆ ಹಳದಿ ಬೆಳಕಿನಲ್ಲಿ ಹಸುವೂ ನಾನೂ ಬಂದ ಕೆಲಸ ಮರೆತು ನಿಂತುಬಿಟ್ಟಿದ್ದೆವು.

ಫೋಟೋ ತೆಗೆಯಲು ಬಂದ ಕೇರಳದ ಕುಟುಂಬವೊಂದು, ಇಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿತು. ನನ್ನನ್ನು! ಊರವಳ ಗತ್ತಿನಲ್ಲಿ ಅವರನ್ನು, ನನ್ನ ಮುಖವನ್ನೇ ಇನ್ನೂ ನೋಡಿರದ ಹೊಲದ ಯಜಮಾನನ ಜಗಲಿಗೇ ಕರೆದೊಯ್ದೆ. ಪುಣ್ಯಾತ್ಮ ಯಾರು ಎತ್ತ ಎಂದೂ ಕೇಳದೆ ಎಲ್ಲರಿಗೂ ಎಲೆ ಹಾಕಿಸಿದ. ಅನ್ನ ಹಿಡಿದು ಸಾಲಾಗಿ ಬಡಿಸುತ್ತ ಬಂದವನು ನನ್ನ ಮುಂದೆಯೂ ನಿಂತು, ಅನ್ನ ಬೇಕೇ ಎಂದು ಮಲಯಾಳಂನಲ್ಲೇ ಕೇಳಿದ: "ಚೋರ್ ವೇಣೋ?"

"ನಾ ವಿಜಾಪುರದಾಕಿ ಅದೀನ್ರೀ! ಕನ್ನಡದಾಕೀನ ಅದೀನಿ!"

ಅವನಿಗೆ ಖುಷಿಯೋ ಖುಷಿ. ಒಳಗಿದ್ದ ಹೆಂಡತಿಯನ್ನು ಕೂಗಿದ: "ಬಾಮ್ಮಿ ಇಲ್ಲಿ, ಎಷ್ಟು ಚೆಂದಾಗಿ ಕನ್ನಡ ಕಲ್ತವ್ರೆ ಕೇಳು!"

ಡಬ್ಬಿ

ಅಜ್ಜಿಯ ಮನೆಯಲ್ಲಿ ಮಸ್ಸೊಪ್ಪು ಮಾಡಲಿ, ಹಿತಕಿದ ಅವರೆಕಾಳಿನ ಸಾರು ಮಾಡಲಿ, ನನಗೊಂದು ಪಾಲು ಬರುತ್ತಿತ್ತು. ಕೊಟ್ಟವರ ಪಾತ್ರೆಯನ್ನು ಖಾಲಿ ಕಳಿಸಬಾರದಲ್ಲ, ತೊಳೆದು ಶೇಂಗಾ ಚಟ್ನಿಪುಡಿ ತುಂಬಿ ಕಳಿಸುತ್ತಿದ್ದೆ. ನನ್ನ ಡಬ್ಬಿ ಹೋದರೆ ಅವರೂ ಫಳಫಳ ತೊಳೆದು, ಎರಡು ಬಾಳೆಹಣ್ಣಾದರೂ ಇಟ್ಟು ಕಳಿಸುತ್ತಿದ್ದರು. ಈ ಮರ್ಯಾದೆ ನನಗೆ ಸಾಕುಸಾಕಾಗಿತ್ತು.

ಒಂದು ದಿನ ಎಣ್ಣೆಗಾಯಿ ಮಾಡಿ ಕೊಟ್ಟೆ. ಮರುದಿನ ಬೆಳಗ್ಗೆ ಡಬ್ಬಿ ನನ್ನ ಬಾಗಿಲಲ್ಲಿತ್ತು. ಮುಚ್ಚಳ ತೆಗೆದರೆ ಖಾಲಿ. ಸಾಲದ್ದಕ್ಕೆ ತೊಳೆದೂ ಇರಲಿಲ್ಲ. ಖಾರ ಹೆಚ್ಚಾಯಿತೇ? ಅವರ ಎಮ್ಮೆಗೆ ಕೊಟ್ಟ ಇಂಜೆಕ್ಷನ್ನು ಹಿಡಿಯಲಿಲ್ಲವೇ? ಆ ದಿನವೆಲ್ಲ ಯಾವ ಹಸುವಿನ ಬಾಲ ಯಾವ ಕಡೆ ಎಂದೇ ನನಗೆ ತಿಳಿಯಲಿಲ್ಲ.

ಸಂಜೆ ಹೋದಾಗ ಅಜ್ಜಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕುರ್ಚಿಯನ್ನೂ ತರಿಸಲಿಲ್ಲ. ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಅಜ್ಜಿ, ಡಬ್ಬಿ ಹಂಗ ಖಾಲಿ ಕಳಿಸೀರಲ್ರೀ... ಏನರ ತಪ್ಪಾತೇನ್ರೀ?"

ಅಜ್ಜಿ ತಲೆಯನ್ನೂ ಎತ್ತಲಿಲ್ಲ. "ತೊಳ್ದು, ತುಂಬ್ಸಿ ಕಳ್ಸಕ್ಕೆ ನೀನೇನು ನೆಂಟಳಾ? ಮನೆ ಮಗಳು ಕಣಮ್ಮಿ ನೀನು."

ಡಾಕ್ಟ್ರವ್ವ ಹೋಗಿ, ಇಲ್ಲಿ ಮನೆಯ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ಅಮ್ಮಿ ಆಗಿದ್ದೆ. ಅವರ ಪಕ್ಕದಲ್ಲೇ ನೆಲಕ್ಕೆ ಕೂತೆ. ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಖುಷಿಗೆ ಅಳುವೇ ಬಂದುಬಿಟ್ಟಿತು.

ಅಜ್ಜಿ ಸ್ವಲ್ಪ ಹೊತ್ತು ಅಳಲು ಬಿಟ್ಟರು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ ಹೇಳಿದರು: "ಸಾಕು ಏಳಮ್ಮಿ, ಬಚ್ಚಲ್ಗೆ ಓಗು. ಆ ಡಬ್ಬಿ ಜೊತ್ಗೆ ನಮ್ಮ ಪಾತ್ರೆಗೊಳ್ನೂ ಉಜ್ಜಾಕ್ಬುಡು."