ತಟ್ಟಿಯ ಆಚೆ ಮಗ್ಗಿ, ಈಚೆ ವಿಜ್ಞಾನ

ಹೊಸ ರೀತಿಯಲ್ಲಿ ಪಾಠ ಮಾಡಲು ಹೊರಟವನಿಗೆ ಪೆಟ್ಟು ಬೀಳುವುದು ತಪ್ಪಿದ್ದಲ್ಲ. ನನಗಂತೂ ವಾರಕ್ಕೊಂದು ಬೀಳುತ್ತಿತ್ತು. ಎಂಬತ್ತರ ದಶಕ, ವಿಜಯನಗರ ಬಡಾವಣೆಯ ಒಂದು ಖಾಸಗಿ ಶಾಲೆ. ಬಿ.ಎಡ್. ಮುಗಿಸಿದ ಬಿಸಿಯಲ್ಲಿ ಏಳನೇ ತರಗತಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ. ಬಾಯಿಪಾಠ ಮಾಡಿಸುವುದೇ ಇಲ್ಲ ಎಂದು ಪಣ ತೊಟ್ಟಿದ್ದೆ.

ಹೆಡ್‌ಮೇಷ್ಟ್ರು ಕರೆದು ಹೇಳಿದರು, "ಇನ್‌ಸ್ಪೆಕ್ಷನ್‌ವರೆಗೂ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ವಿಜ್ಞಾನ ಕಿತ್ಕೊಂಡು ನಿಮಗೆ ಮೈದಾನದಲ್ಲಿ ಡ್ರಿಲ್ ಕ್ಲಾಸು ಕೊಡ್ತೀನಿ." ನನಗೆ ಬರುತ್ತಿದ್ದದ್ದು ವಿಜ್ಞಾನ ಒಂದೇ.

ಎಲೆ

ಎಲೆಯ ಪಾಠವನ್ನು ನಾಲ್ಕು ಗೋಡೆಗಳ ನಡುವೆ ಯಾಕೆ ಮಾಡಬೇಕು? ಮಕ್ಕಳನ್ನು ಆರ್‌ಪಿಸಿ ಲೇಔಟಿನ ಖಾಲಿ ಸೈಟುಗಳಿಗೆ ಕರೆದುಕೊಂಡು ಹೋದೆ. ಎಕ್ಕ, ಹೊಂಗೆ, ಔಡಲ, ಎಲ್ಲವನ್ನೂ ಮುಟ್ಟಿ ನೋಡಿದರು, ಕೇಕೆ ಹಾಕಿದರು. ನನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿತು.

ಮರುದಿನ ಒಬ್ಬ ಹುಡುಗಿಯ ತಂದೆ ಬಂದರು. "ನಮ್ಮುಡುಗಿಗೆ ನಿಮ್ಮ ಪಾಠ ಅಂದ್ರೆ ಪ್ರಾಣ ಸಾರ್."

ನಾನು ಉಬ್ಬಿಹೋದೆ.

"ಅದಕ್ಕೇ ಕೇಳೋಣ ಅಂತ ಬಂದೆ. ಮಕ್ಕಳಿಗೆ ಅಷ್ಟೊಂದು ಇಷ್ಟ ಆದ್ರೆ ಅದು ಪಾಠ ಹೆಂಗಾಗುತ್ತೆ ಸಾರ್?"

ತಟ್ಟಿ

ನಮ್ಮದು ಒಂದೇ ಉದ್ದನೆಯ ಕೋಣೆ, ನಡುವೆ ಬಿದಿರು ತಟ್ಟಿ. ಆಚೆ ಹಿರಿಯ ಗಣಿತದ ಮೇಷ್ಟ್ರು ಐದನೇ ತರಗತಿಗೆ ಒಕ್ಕೊರಲಲ್ಲಿ ಮಗ್ಗಿ ಹೇಳಿಸುತ್ತಿದ್ದರು. ಈಚೆ ನಾನು, "ಕಣ್ಣು ಮುಚ್ಚಿ ಯೋಚನೆ ಮಾಡಿ, ನೀರಿಂದ ತೆಗೆದ ಮೀನು ಯಾಕೆ ಸಾಯುತ್ತೆ?" ಎಂದೆ. ಎಲ್ಲರೂ ಕಣ್ಣು ಮುಚ್ಚಿದರು. ಎಂಥ ಏಕಾಗ್ರತೆ! ಮುಂದಿನ ಬೆಂಚಿನ ಹುಡುಗನ ಭುಜ ತಟ್ಟಿ ಕೇಳಿದೆ, "ಏನು ಹೊಳೀತಪ್ಪಾ?"

"ಹದಿನೇಳೆಂಟ್ಲಿ ನೂರ ಮೂವತ್ತಾರು ಸಾರ್."

ಆ ಸಲದ ಪರೀಕ್ಷೆಯಲ್ಲಿ ನನ್ನ ತರಗತಿಯ ಎಲ್ಲರಿಗೂ ಗಣಿತದಲ್ಲಿ ಅಂಕ ಏರಿತು. ವಿಜ್ಞಾನ ಇದ್ದಲ್ಲೇ ಇತ್ತು.

ಮೇಣದಬತ್ತಿ

ಇನ್‌ಸ್ಪೆಕ್ಷನ್ ಬಂತೆಂದರೆ ಅಂದು ಮಾಡುವ ಪಾಠವನ್ನು ಮೊದಲೇ ಮಕ್ಕಳಿಗೆ ಮಾಡಿ, ಪ್ರಶ್ನೆ ಉತ್ತರ ಎಲ್ಲ ತಾಲೀಮು ಮಾಡಿಸುವುದು ಎಲ್ಲ ಶಾಲೆಗಳ ಪದ್ಧತಿ. ನಾನು ಒಪ್ಪಲಿಲ್ಲ. ಮಕ್ಕಳು ಕಣ್ಣಿಗೆ ಕಂಡದ್ದನ್ನೇ ಹೇಳಲಿ ಎಂದೆ. ಆದರೆ ಡ್ರಿಲ್ಲಿನ ಸುದ್ದಿ ಮಕ್ಕಳ ಕಿವಿಗೂ ಬಿದ್ದಿತ್ತು. ನನ್ನನ್ನು ಉಳಿಸಿಕೊಳ್ಳಬೇಕೆಂದು ಅವರು ಗುಟ್ಟಾಗಿ ಗಣಿತದ ಮೇಷ್ಟ್ರ ಬಳಿ ಹೋಗಿ ಆ ಪಾಠದ ಪುಟವನ್ನು ಉರು ಹೊಡೆದಿದ್ದರು. ಇದು ನನಗೆ ಆಮೇಲೆ ಗೊತ್ತಾಯಿತು.

ಇನ್‌ಸ್ಪೆಕ್ಟರು ಬಂದು ಕುಳಿತರು. ಮೇಣದಬತ್ತಿ ಹಚ್ಚಿ, ಸುತ್ತ ಲಾಟೀನಿನ ಗಾಜು ಇಟ್ಟು, ಗಾಜಿನ ಬಾಯಿಗೆ ಸ್ಲೇಟು ಮುಚ್ಚಿದೆ. ಗಾಳಿ ಸಿಗದೆ ಅದು ಆರಬೇಕು. ಆದರೆ ಸ್ಲೇಟಿನ ಮೂಲೆ ಒಡೆದಿತ್ತು, ಮೇಜಿನ ಹಲಗೆಗಳ ನಡುವೆ ಬೆರಳಗಲ ಸಂದು. ಬತ್ತಿ ಧಗಧಗ ಉರಿಯುತ್ತಲೇ ಇತ್ತು.

ಅಷ್ಟರಲ್ಲಿ ಇಡೀ ತರಗತಿ ಎದ್ದು ನಿಂತು ಒಕ್ಕೊರಲಲ್ಲಿ ಹೇಳಿತು: "ಮೇಣದಬತ್ತಿಯು ಆರಿಹೋಯಿತು. ಇದರಿಂದ ದಹನಕ್ಕೆ ಗಾಳಿ ಅಗತ್ಯವೆಂದು ತಿಳಿಯುತ್ತದೆ."

ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡು ಎದುರಿಗಿದ್ದ ಹುಡುಗಿಯನ್ನು ಕೇಳಿದರು, "ಇನ್ನೂ ಉರೀತಾ ಇದೆಯಲ್ಲಮ್ಮಾ?"

"ಪುಸ್ತಕದಲ್ಲಿ ಆರಿದೆ ಸಾರ್."

ಅವರು ಪುಸ್ತಕ ತರಿಸಿ ಆ ಪುಟವನ್ನು ನಿಧಾನವಾಗಿ ಓದಿದರು. ಆಮೇಲೆ ಎದ್ದು ಬಂದು, ಸ್ಲೇಟು ಎತ್ತಿ, ಬತ್ತಿಯನ್ನು ಉಫ್ ಎಂದು ತಾವೇ ಊದಿ ಆರಿಸಿ, ಹೆಡ್‌ಮೇಷ್ಟ್ರ ಕಡೆ ತಿರುಗಿದರು. "ಎಲ್ಲ ಸರಿಯಾಗಿದೆ. ವಿಜ್ಞಾನ ಇವರ ಹತ್ರಾನೇ ಇರ್ಲಿ."