ಬಾಟಲಿಯನ್ನು ಎಷ್ಟು ಗಟ್ಟಿಯಾಗಿ ಹಿಡಿಯತಕ್ಕದ್ದು

ಸಂಖ್ಯೆ: ಹಿಡಿತ/ಬಾಟಲಿ/64/ಪರಿಷ್ಕೃತ (ಮತ್ತೆ ಪರಿಷ್ಕೃತ)

ಕೆಮ್ಮಿನ ಔಷಧ ಪ್ಯಾಕಿಂಗ್ ಶಾಖೆಯ ಎಲ್ಲ ಸಿಬ್ಬಂದಿಗೆ

ವಿಷಯ: ರೋಬೋಟ್ ಕೈ ಗಾಜಿನ ಬಾಟಲಿಯನ್ನು ಹಿಡಿಯಲು ಬೇಕಾದ ಬಲದ ಲೆಕ್ಕಾಚಾರ, ಹಾಗೂ ಪ್ಯಾಕಿಂಗ್ ಕೆಲಸದ ದೊಡ್ಡಕ್ಕನವರ ಹುದ್ದೆ ರದ್ದತಿ.

ಉಲ್ಲೇಖ: 1. ಕಿರಿಯ ಎಂಜಿನಿಯರರ ಟಿಪ್ಪಣಿ. 2. ಗಾಜಿನ ಚೂರು (ಎರಡು ಬಕೆಟ್, ಲಗತ್ತಿಸಿದೆ).

1. ಮುನ್ನೂರು ಗ್ರಾಂ ತೂಗುವ ಬಾಟಲಿ ಜಾರದಿರಲು ಯಂತ್ರದ ಬೆರಳುಗಳು ಆರುನೂರು ಗ್ರಾಂನಷ್ಟು ಒತ್ತಿದರೆ ಸಾಕೆಂದು, ಗಾಜಿನ ನುಣುಪು ಹಾಗೂ ಎತ್ತುವ ವೇಗವನ್ನು ಗಮನಿಸಿ ಕಿರಿಯ ಎಂಜಿನಿಯರರು ಲೆಕ್ಕ ಹಾಕಿರುತ್ತಾರೆ. ಸದರಿ ಕಡತವು ಆರು ಮೇಜುಗಳನ್ನು ದಾಟಿದ್ದು, ಪ್ರತಿ ಮೇಜಿನಲ್ಲೂ 'ಯಾವುದಕ್ಕೂ ಇರಲಿ' ಎಂಬ ಷರಾ ಬರೆದು ಬಲವನ್ನು ದುಪ್ಪಟ್ಟು ಮಾಡಿ ಅನುಮೋದಿಸಲಾಗಿದೆ. ಅಂತಿಮವಾಗಿ ಮೂವತ್ತೆಂಟು ಕಿಲೋ ನಾನೂರು ಗ್ರಾಂ ನಿಗದಿಯಾಗಿರುತ್ತದೆ.

2. ಈ ಹಿಡಿತದಲ್ಲಿ ಪುಡಿಯಾದ ಬಾಟಲಿಗಳನ್ನು ಇನ್ನು ಮುಂದೆ 'ಒಡೆದವು' ಎನ್ನದೆ 'ಸಹಕರಿಸದವು' ಎಂದು ನಮೂದಿಸತಕ್ಕದ್ದು.

3. ಬಲವನ್ನು ಇಳಿಸಲು ಪ್ರಧಾನ ನಿರ್ದೇಶಕರ ಸಹಿ ಅವಶ್ಯ. ಉದ್ಘಾಟನೆಯಂದು ಅವರು ಯಂತ್ರದ ಕೈ ಕುಲುಕಿದ್ದರಿಂದ ಬಲಗೈ ಪ್ಲಾಸ್ಟರಿನಲ್ಲಿದ್ದು, ಎಡಗೈ ಸಹಿಯು ಮಾದರಿ ಸಹಿಯೊಂದಿಗೆ ತಾಳೆಯಾಗುತ್ತಿಲ್ಲ. ಆದ್ದರಿಂದ ಮೂಳೆ ಕೂಡುವವರೆಗೆ ಲೆಕ್ಕ ಸರಿಯಾಗಿಯೇ ಇದೆ ಎಂದು ಭಾವಿಸತಕ್ಕದ್ದು.

4. 'ಅಂಗೈ ಹುಣ್ಣಿಗೆ ಕನ್ನಡಿ ಬೇಕೇ' ಎಂದು ಯಾರೋ ಯಂತ್ರದ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಕನ್ನಡಿ ಖರೀದಿಗೆ ಸದ್ಯ ಅವಕಾಶವಿಲ್ಲವೆಂದು ಅಂಥವರ ಗಮನಕ್ಕೆ ತರಲಾಗಿದೆ.

5. ಪ್ರಾಯೋಗಿಕ ವಾರದಲ್ಲಿ ಸಾವಿರದ ಇನ್ನೂರು ಬಾಟಲಿಗಳು ಕೂದಲೂ ಕೊಂಕದೆ ಪೆಟ್ಟಿಗೆ ಸೇರಿದ್ದು, ಯಂತ್ರದ ದಕ್ಷತೆಗೆ ಇದೇ ಸಾಕ್ಷಿ. ಅವಷ್ಟನ್ನೂ, ಇಪ್ಪತ್ತಾರು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ದೊಡ್ಡಕ್ಕನವರು ಯಂತ್ರದ ಹಿಂದೆ ಸ್ಟೂಲು ಹಾಕಿಕೊಂಡು ಕೈಯಿಂದಲೇ ಇಟ್ಟಿದ್ದು ಪರಿಶೀಲನಾ ತಂಡದ ಗಮನಕ್ಕೆ ಬಂದಿದೆ. ಆದರೆ ವರದಿಯ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ. ಆದಕಾರಣ, ಸದರಿ ದಕ್ಷತೆಯ ಆಧಾರದ ಮೇಲೆ, ಬರುವ ತಿಂಗಳ ಒಂದರಿಂದ ಅವರ ಹುದ್ದೆಯನ್ನು ರದ್ದುಪಡಿಸಲಾಗಿದೆ.

6. ತಾವು ಎಷ್ಟು ಬಲ ಹಾಕುತ್ತೀರೆಂದು ಲಿಖಿತವಾಗಿ ಕೇಳಲಾಗಿ, ಅವರು "ಬೀಳಬಾರದು, ಒಡೀಬಾರದು, ಅಷ್ಟೇ ಸಾರ್. ಅದಕ್ಕೆ ಆರು ಜನರ ಸಹಿ ಯಾಕೆ?" ಎಂದು ಹೇಳಿಕೆ ನೀಡಿರುತ್ತಾರೆ. ಹೇಳಿಕೆಯಲ್ಲಿ ಅಂಕಿಯಿಲ್ಲದ ಕಾರಣ ತಿರಸ್ಕರಿಸಲಾಗಿದೆ.

7. ಹುದ್ದೆ ರದ್ದಾದ ಮೇಲೂ ಎಂದಿನಂತೆ ಒಂಬತ್ತಕ್ಕೆ ಬಂದು ಯಂತ್ರದ ಹಿಂದೆ ಕೂರುವಂತೆ ಅವರನ್ನು ಕೋರಲಾಗಿತ್ತು. ಅವರು ಕೈಗವಸು ಕಳಚಿ ಸ್ಟೂಲಿನ ಮೇಲಿಟ್ಟು, "ಇದನ್ನ ಅದಕ್ಕೇ ಹಾಕಿ" ಎಂದು ಹೇಳಿ ಅಂದೇ ಮನೆಗೆ ಹೋಗಿರುತ್ತಾರೆ. ಅಂದಿನಿಂದ ಒಂದೇ ಒಂದು ಬಾಟಲಿಯೂ ಸಹಕರಿಸಿಲ್ಲ.

8. ಬಾಟಲಿಗಳ ಈ ಅಸಹಕಾರಕ್ಕೆ ದೊಡ್ಡಕ್ಕನವರೇ ಹೊಣೆಯೆಂದು ಪರಿಗಣಿಸಿ, ಏಳು ದಿನಗಳೊಳಗೆ ಖುದ್ದು ಹಾಜರಾಗಿ ಸಮಜಾಯಿಷಿ ನೀಡುವಂತೆ ಈ ಮೂಲಕ ಸೂಚಿಸಲಾಗಿದೆ. ಬರುವಾಗ ಎರಡೂ ಕೈಗಳನ್ನು ತಪ್ಪದೆ ತರತಕ್ಕದ್ದು.

ಸಹಿ/-
ಪ್ರಧಾನ ನಿರ್ದೇಶಕರು
(ಎಡಗೈ ಸಹಿ. ಹಿಡಿತ ಸಡಿಲಿಸಲು ಸಲ್ಲದು; ಹುದ್ದೆ ರದ್ದತಿಗೆ ಸಲ್ಲುತ್ತದೆ.)

ಪ್ರತಿಗಳು:
1. ಕಿರಿಯ ಎಂಜಿನಿಯರರಿಗೆ, ಇನ್ನು ಮುಂದೆ ಲೆಕ್ಕ ಹಾಕದಿರುವ ಸಲುವಾಗಿ.
2. ಆರು ಮೇಜುಗಳಿಗೆ, ತಲಾ ಎರಡು ಪ್ರತಿ, ಯಾವುದಕ್ಕೂ ಇರಲಿ.
3. ಗಾಜಿನ ಚೂರು ಗುಡಿಸುವವರಿಗೆ, ಸಮಯವಿದ್ದಲ್ಲಿ ಓದಲು.
4. ದೊಡ್ಡಕ್ಕನವರಿಗೆ, ಯಂತ್ರದ ಕೈಯಲ್ಲಿ. ಪ್ರತಿಯು ಮುದ್ದೆಯಾಗಿ ತಲುಪಿದಲ್ಲಿ ಮುದ್ದೆಯನ್ನೇ ಓದಿಕೊಳ್ಳತಕ್ಕದ್ದು.